ಗಿರಣಿಯ ಮಸಿ ನಕ್ಕಿತು

ಗಿರಣಿ ಕಟ್ಟೆ, ಹಳಿಯಾಳ ತಾಲೂಕು
12-3-2006

ಪ್ರೀತಿಯ ನಿರ್ಮಲಾನ ಅವ್ವಾ,

ಕ್ಯಾಸಲ್‌ರಾಕ್‌ನ ತಂಪಿಗೆ ನಿನ್ನ ದಮ್ಮು ಹೇಗಿದೆ? ರಾತ್ರಿ ಎದ್ದು ಕೂರದೆ ನಿದ್ದೆ ಮಾಡುತ್ತೀಯಾ? ಅಳಿಯಂದಿರ ರೈಲ್ವೆ ಕ್ವಾರ್ಟರ್ಸಿಗೆ ಹೋದ ಮೇಲೆ ನಿನ್ನ ಕೆಮ್ಮು ಇಳಿದಿದೆ ಎಂದು ಮಗಳು ಫೋನಿನಲ್ಲಿ ಹೇಳಿದಾಗ ಖುಷಿಯಾಯಿತು, ಒಳಗೊಳಗೆ ಸಂಕಟವೂ ಆಯಿತು. ಈ ಪತ್ರವನ್ನು ಅವಳೇ ನಿನಗೆ ಓದಿ ಹೇಳುತ್ತಾಳಲ್ಲ, ಅದಕ್ಕೇ ಕೈ ಬಿಗಿಹಿಡಿದು ಬರೆಯುತ್ತಿದ್ದೇನೆ. ನಾವೆಲ್ಲ ಕ್ಷೇಮ. ನಿನ್ನ ಎಮ್ಮೆ ಮಾತ್ರ ನನಗೆ ಹಾಲು ಕೊಡುವುದಿಲ್ಲ. ನಿನ್ನ ಹಳೆಯ ಸೀರೆ ಹೊದ್ದು ಕೂತರೆ ಕೊಡುತ್ತದೆ. ಇದನ್ನು ಯಾರಿಗೂ ಹೇಳಬೇಡ.

ಈಗ ಕತೆಗೆ ಬರುತ್ತೇನೆ. ಇದನ್ನು ಮೊದಲು ಹೇಳಿದವಳು ನಮ್ಮವ್ವ ಗುರುಸಿದ್ದವ್ವ, ನೀನು ಸೊಸೆಯಾಗಿ ಬಂದ ವರ್ಷ. ರೊಟ್ಟಿ ಹಂಚಿನ ತಳದ ಮಸಿಗೆ ಕಿಡಿ ಹತ್ತಿ ಇರುವೆ ಸಾಲಿನಂತೆ ಹರಿದಾಡಿತ್ತು. “ಹಂಚು ನಗಾಕತ್ತೈತಿ ನೋಡವಾ, ಯಾರೋ ಬರತಾರ, ನಾಕು ರೊಟ್ಟಿ ಹೆಚ್ಚಿಗೆ ಬಡಿ” ಅಂದಿದ್ದಳಲ್ಲ, ಅದೇ ಕತೆ.

ಗಿರಣಿಯ ಡೀಸೆಲ್ ಹೊಗೆಯೇ ನಿನ್ನ ಉಸಿರಿಗೆ ಶತ್ರು ಎಂದು ಡಾಕ್ಟರು ಹೇಳಿದರು. ಕರೆಂಟು ನೆಚ್ಚಿಕೊಂಡು ಗಿರಣಿ ನಡೆಸುವಂತಿಲ್ಲ, ಎಂಜಿನ್ ಬಿಟ್ಟರೆ ಒಲೆ ಉರಿಯುವುದಿಲ್ಲ. ಹೊಂಗೆ ಎಣ್ಣೆಯಲ್ಲಿ ಎಂಜಿನ್ ಓಡುತ್ತದೆಂದು ನಿನ್ನ ಮಗ ಶಿವಲಿಂಗ ಧಾರವಾಡದಲ್ಲಿ ಕೇಳಿಕೊಂಡು ಬಂದ. ಅವನ ಮಾತು ಮುಗಿಯುವ ತನಕ ನನಗೆಲ್ಲಿಯ ತಾಳ್ಮೆ! “ದೇವರ ಮುಂದ ಉರಿಯೂ ಎಣ್ಣಿ ಎಂಜಿನ್ದಾಗ ಉರಿಯಾಂಗಿಲ್ಲೇನು?” ಎಂದು ಗಾಣದ ಎಣ್ಣೆಯನ್ನು ಹಾಗೇ ಸುರಿದು, ಕಾಯಿ ಒಡೆದು, ಚಾಲೂ ಮಾಡಿದೆ. ಎಂಜಿನ್ ನಿನಗಿಂತ ಜೋರು ಕೆಮ್ಮಿ ಕಟ್ಟಿಕೊಂಡು ನಿಂತಿತು. ಶಿವಲಿಂಗ ಬಿಚ್ಚಿ ತೊಳೆದು, ಸ್ಪಿರಿಟ್ಟು ಕಾಸ್ಟಿಕ್ ಹಾಕಿ ಜಿಗುಟು ತೆಗೆದ ಹೊಂಗೆ ಎಣ್ಣೆಯನ್ನು ಧಾರವಾಡದಿಂದ ತಂದ. ಈಗ ಹೊಗೆ ತೆಳುವಾಗಿದೆ, ವಾಸನೆ ಬೇರೆಯಾಗಿದೆ. ಪಕ್ಕದ ಮನೆಯ ಯಲ್ಲವ್ವ ಸುಮ್ಮನಿರುತ್ತಾಳೆಯೇ? “ಲಗಮಣ್ಣಾ, ಹಿಟ್ಟು ಬೀಸೂದು ಬಿಟ್ಟು ಬಜಿ ಕರಿಯಾಕತ್ತೀ ಏನು?”

ಆದರೆ ಕಣ್ಣಿಗೆ ಕಾಣದ ಹೊಗೆಯೂ ಎದೆಗೆ ಇಳಿಯುತ್ತದೆ. ನನಗೆ ಅವ್ವನ ಹಂಚು ನೆನಪಾಯಿತು. ಬೇಗ ಉರಿಯುವ ಮಸಿಯಾದರೆ ಎಂಜಿನ್ನಿನೊಳಗೇ ಉರಿದು, ಹೊರಗೆ ಬರುವುದು ಕಡಿಮೆಯಾದೀತು ಎಂದುಕೊಂಡೆ. ನಿನ್ನೆ ಸಂಜೆ ಬೀಸಲು ಬಂದವರ ಎದುರಿಗೇ ಹಳೆಯ ಹೊಗೆಕೊಳವೆಯ ಡೀಸೆಲ್ ಮಸಿ ಒಂದು ಚಿಟಿಕೆ, ಎಣ್ಣೆ ಬದಲಿಸಿದಾಗ ಹಾಕಿದ ಹೊಸ ಕೊಳವೆಯ ಹೊಂಗೆ ಮಸಿ ಒಂದು ಚಿಟಿಕೆ ಕಾದ ಹಂಚಿನ ಮೇಲೆ ಇಟ್ಟೆ. ಹೊಂಗೆಯದನ್ನು ಕೆರೆದು ತೆಗೆಯಲಿಕ್ಕೇ ಕಷ್ಟವಾಯಿತು, ಅಷ್ಟು ಕಡಿಮೆ ಕೂತಿತ್ತು. ಡೀಸೆಲ್ ಮಸಿ ಮುನಿಸಿಕೊಂಡ ಬೀಗರಂತೆ ಕೂತೇ ಇತ್ತು. ಹೊಂಗೆ ಮಸಿಗೆ ಮಾತ್ರ ಕಿಡಿ ಹತ್ತಿ, ಹರಿದಾಡಿ, ನೋಡುನೋಡುತ್ತ ಉರಿದುಹೋಯಿತು. ಬಹಳ ಕಾಸಿದ ಮೇಲೆ ಇನ್ನೊಂದೂ ಉರಿಯಿತೆನ್ನು. ಯಲ್ಲವ್ವ ಹಿಟ್ಟಿನ ಡಬ್ಬಿ ಕೆಳಗಿಟ್ಟು, “ಮಸಿ ನಕ್ಕಿತಲ್ಲೋ ಅಣ್ಣಾ! ನಿಮ್ಮನಿಗೆ ಯಾರು ಬರಬೇಕಾಗೈತಿ, ನಾನು ಹೇಳ್ಬೇಕೇನು?” ಅಂದಳು. ನಾನು ಎಂಜಿನ್ ಕಡೆ ತಿರುಗಿ ಏನೋ ಒರೆಸುತ್ತ ನಿಂತೆ.

ಇಂದು ಬೆಳಿಗ್ಗೆ ಬಾಗಿಲು ತೆಗೆದರೆ, ಗಿರಣಿ ಹೊಗೆಯೆಂದು ನಮ್ಮ ಕಡೆ ಒಂದು ಬಟ್ಟೆಯನ್ನೂ ಒಣಹಾಕದ ಯಲ್ಲವ್ವ ಕೊಳವೆಯ ಎದುರಿಗೇ ಬಿಳಿ ಸೀರೆ ಹಾಸಿ ಶಾವಿಗೆ ಹರವುತ್ತಿದ್ದಳು. ನಿನ್ನೆ ಕೂತು ನೋಡಿದ ಹೆಂಗಸರೆಲ್ಲ ಸೇರಿ ಹೊಸೆಯುತ್ತಿದ್ದರು.

ಅಳಿಯಂದಿರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ
ಲಗಮಪ್ಪ

ತಾ.ಕ.: ನಿರ್ಮಲಾ, ಇದೊಂದನ್ನು ನಿಮ್ಮವ್ವನಿಗೆ ಮೆಲ್ಲಗೆ ಓದವ್ವಾ. ಬರುವ ಭಾನುವಾರ ಅಳ್ನಾವರ ಸ್ಟೇಶನ್ನಿನಲ್ಲಿ ನಿಂತಿರುತ್ತೇನೆ. ಬಂದು ಒಂದು ವಾರ ಉಸಿರಾಡಿ ನೋಡು. ಮತ್ತೆ ಕೆಮ್ಮು ಬಂದರೆ ಶಿವಲಿಂಗನೂ ನಾನೂ ಮಾತಾಡಿಕೊಂಡಿದ್ದೇವೆ: ಊರ ಹೊರಗೆ ಹೋಗುವುದು ಗಿರಣಿ, ನೀನಲ್ಲ.