ಸೊಸೆಗೆ ಹೇಳದೆ ಉಳಿದದ್ದು

ಶಿರಂಗಾಲ
೧೨ ಫೆಬ್ರವರಿ ೨೦೨೫

ಮಗಳು ದಿವ್ಯಶ್ರೀಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನೀನು ಪಾಲಿಬೆಟ್ಟದ ತವರಿಗೆ ಹೋಗಿ ಎರಡು ತಿಂಗಳಾಯಿತು. ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ, ಕ್ಷಮಿಸು. ಫೋನಿನಲ್ಲಿ ಹೇಳುವ ಮಾತೂ ಇದಲ್ಲ. ನಿಮ್ಮ ತಂದೆಯವರ ಮಂಡಿನೋವು ಹೇಗಿದೆ? ಎಸ್ಟೇಟಿನಲ್ಲಿ ಕಾಫಿ ಪಿಕಿಂಗ್ ಮುಗಿಯಿತೇ? ಇಲ್ಲಿ ಶುಂಠಿ ಕಿತ್ತಾಯಿತು.

ದೀಪಕ್ ಕೊನೆಗೂ ಪರೀಕ್ಷೆ ಮಾಡಿಸಿಕೊಂಡ. ನೀನು ಐದು ವರ್ಷ ಕೇಳಿಕೊಂಡರೂ "ನನಗೇನಾಗಿದೆ" ಎನ್ನುತ್ತಿದ್ದವನು, ನೀನು ಬ್ಯಾಗು ತುಂಬಿಕೊಂಡು ಹೋದ ಮೇಲೆ ತಾನಾಗಿಯೇ ಮೈಸೂರಿಗೆ ಹೊರಟ. ನಾನೂ ಜೊತೆಗೆ ಹೋಗಿದ್ದೆ. ವೀರ್ಯಾಣುಗಳೇ ಇಲ್ಲವೆಂದು ರಿಪೋರ್ಟ್ ಬಂತು. ಎರಡನೇ ಸಲವೂ ಅದೇ. ವೃಷಣಕ್ಕೆ ಸೂಜಿ ಹಾಕಿಯೂ ನೋಡಿದರು. ಒಂದೆರಡು ಸಿಕ್ಕಿದ್ದರೂ ನಿನ್ನ ಅಂಡಾಣುವಿನೊಂದಿಗೆ ಲ್ಯಾಬಿನಲ್ಲೇ ಸೇರಿಸಬಹುದಿತ್ತಂತೆ. ಸಿಗಲಿಲ್ಲ.

"ಇನ್ನು ದಾನಿಯ ವೀರ್ಯಾಣು ತಗೋಬಹುದು, ಇಲ್ಲ ಮಗು ದತ್ತು ತಗೋಬಹುದು. ಎರಡಕ್ಕೂ ಗಂಡ ಹೆಂಡ್ತಿ ಇಬ್ಬರೂ ಒಪ್ಪಬೇಕು" ಎಂದರು ಡಾಕ್ಟರಮ್ಮ.

ಬಸ್ಸಿನಲ್ಲಿ ಪಿರಿಯಾಪಟ್ಟಣದವರೆಗೂ ದೀಪಕ್ ಆ ರಿಪೋರ್ಟನ್ನೇ ಮತ್ತೆ ಮತ್ತೆ ಓದುತ್ತಿದ್ದ. ಆಮೇಲೆ, "ಮಕ್ಕಳಾಗಿಲ್ಲ ಅಂತ ಅವಳ ಹೊಟ್ಟೆಗೆ ತೂತು ಮಾಡಿ ನೋಡ್ದಾಗ ನಾನು ಶುಂಠಿ ಲೋಡ್ ಮಾಡಿಸ್ತಿದ್ದೆ ಕಣವ್ವ. ಯಾವ ಮುಖ ಇಟ್ಕೊಂಡು ಪಾಲಿಬೆಟ್ಟಕ್ಕೆ ಹೋಗ್ಲಿ" ಎಂದ. ದಾನಿಯಿಂದಾದ ಮಗುವಾದರೂ ತನಗೆ ಸಮ್ಮತವಂತೆ. "ತೀರ್ಮಾನ ಅವಳ್ದು. ಬರಲ್ಲ ಅಂದ್ರೆ ಅದೂ ಸರಿಯೇ" ಎಂದ.

"ಇನ್ನೊಂದು ಹೆಣ್ಣು ನೋಡಾಣ" ಎಂದು ನಿನ್ನೆದುರೇ ಆಡಿದ್ದ ನಿನ್ನ ಮಾವ, ರಿಪೋರ್ಟಿನ ವಿಷಯ ಕೇಳಿ ಊಟ ಬಿಟ್ಟು ಎದ್ದರು. ಈಗ ಜಗಲಿಯಲ್ಲಿ ಕೂತರೆ ಕೂತೇ ಇರುತ್ತಾರೆ.

ಬಾ ಎಂದು ಕರೆಯಲು ಈ ಕಾಗದ ಬರೆದಿಲ್ಲ. ನಿನ್ನ ಹಳೆಯ ರಿಪೋರ್ಟುಗಳನ್ನೆಲ್ಲ ನೋಡಿ, ನಿನ್ನಲ್ಲಿ ಯಾವ ದೋಷವೂ ಕಾಣುವುದಿಲ್ಲವೆಂದು ಡಾಕ್ಟರಮ್ಮ ಬರೆದುಕೊಟ್ಟಿದ್ದಾರೆ. ಅದನ್ನು ಇದರ ಜೊತೆ ಇಟ್ಟಿದ್ದೇನೆ. ಯಾರಿಗೆ ಬೇಕಾದರೂ ತೋರಿಸು. ನೀನು ಎಲ್ಲಿದ್ದರೂ ನಿನ್ನ ಬದುಕು ಹಸನಾಗಲಿ.

ನಿನ್ನ ಅತ್ತೆ,
ವಿಶಾಲಾಕ್ಷಮ್ಮ

ತಾ.ಕ.: ಕವರಿಗೆ ಹಾಕಿದ ಕಾಗದವನ್ನು ಮತ್ತೆ ತೆಗೆದಿದ್ದೇನೆ. ಹದಿನಾರನೇ ವಯಸ್ಸಿನಲ್ಲಿ ದೀಪಕ್‌ಗೆ ಮಂಗನಬಾವು ಬಂದಿತ್ತು. ಕೆನ್ನೆಯ ಬಾವು ಇಳಿಯುವಷ್ಟರಲ್ಲಿ ವೃಷಣ ಊದಿಕೊಂಡು ಎಂಟು ದಿನ ನರಳಿದ. "ಮುಂದೆ ಮಕ್ಕಳಾಗೋದು ಕಷ್ಟ ಆಗಬಹುದು, ಮದುವೆಗೆ ಮುಂಚೆ ಪರೀಕ್ಷೆ ಮಾಡ್ಸಿ" ಎಂದು ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದ್ದರು. ಆ ಮಾತು ಮಗನಿಗೂ ಗೊತ್ತಿಲ್ಲ, ಅವನಪ್ಪನಿಗೂ ಗೊತ್ತಿಲ್ಲ. ನಿನ್ನನ್ನು ನೋಡಲು ಬಂದಾಗಲೂ ನಾನು ಬಾಯಿ ಬಿಡಲಿಲ್ಲ. ನಿನ್ನ ಹೊಟ್ಟೆಯ ಆಪರೇಷನ್ ದಿನ ಒಳಗೆ ಹೋಗುವ ಮುಂಚೆ ನೀನು ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟೆ. "ನನ್ನಿಂದಾನೇ ನಿಮಗೆಲ್ಲ ಇಷ್ಟು ಕಷ್ಟ, ಅತ್ತೆ" ಎಂದೆ. ನಾನು "ಧೈರ್ಯವಾಗಿರು" ಎಂದಷ್ಟೇ ಹೇಳಿ, ಬಳೆಗಳನ್ನು ಸೆರಗಿಗೆ ಕಟ್ಟಿಕೊಂಡೆ.