ಚರ್ಮ ಕೆಡಿಸದ ಗುಂಡು: ಕ್ಯಾಂಪ್ ಆಡಳಿತಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಅಲ್ ಮಬೇಲಾ, ಸೋಮವಾರ, 27 ಡಿಸೆಂಬರ್ 1993

ಮಾನ್ಯ ಆಡಳಿತಾಧಿಕಾರಿಗಳೇ,

ಬರೆಯುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ನಿಮ್ಮ ಕೈಕೆಳಗಿನ ಸ್ಟೋರ್‌ಕೀಪರ್ ಪ್ರೇಮನಾಥರ ಮಗಳು, ಕ್ರಿಸ್‌ಮಸ್ ರಜೆಗೆ ಬಂದ ಫಸ್ಟ್ ಇಯರ್ ಬಿ.ಎಸ್ಸಿ.ಯವಳು, ನಿಮಗೆ ಹೀಗೆ ಎಲ್ಲರೆದುರು ಪತ್ರ ಬರೆಯುವುದು ಅಧಿಕಪ್ರಸಂಗವೇ. ಐದನೇ ಕ್ಲಾಸಿನಿಂದ ಊರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದ ನನ್ನ ಕನ್ನಡ ಅರ್ಧ ಇಂಗ್ಲಿಷು. ಅದಕ್ಕೂ ಕ್ಷಮೆ ಇರಲಿ. ಆದರೆ ಹೋದ ಬೇಸಗೆಯಲ್ಲಿ ಇಲ್ಲಿನ ಕನ್ನಡ ಸಂಘದ ವೇದಿಕೆ ಹತ್ತಿ, "ಗಲ್ಫಿನ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಬರುವುದಿಲ್ಲ" ಎಂದು ಕಣ್ಣೊರೆಸಿಕೊಂಡವರು ನೀವೇ. ಬರೆಯುತ್ತಿದ್ದೇನೆ ಸರ್. ನಾಲ್ಕು ಸಾಲಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ.

ವಿಷಯ ಇಷ್ಟೇ. ಕಂಪನಿ ಕ್ಯಾಂಪಿನ ಅಡುಗೆಯ ಇಸುಬು ಕಾಕ ಕಳೆದ ಶುಕ್ರವಾರ ಒಂದು ಗಝಾಲನ್ನು ಉರುಳು ಹಾಕಿ ಹಿಡಿದು ಚಾಕುವಿನಿಂದ ಕೊಂದರು ಎಂದು ನೀವು ವರದಿ ಬರೆದುಕೊಟ್ಟಿದ್ದೀರಿ. ಅದು ಸುಳ್ಳು. ಇಲ್ಲಿನ ಮರುಭೂಮಿಯ ಆ ಪುಟ್ಟ ಜಿಂಕೆಯನ್ನು ಹೊಡೆಯುವುದು ಈ ದೇಶದಲ್ಲಿ ಅಪರಾಧ ಎಂದು ನಿಮಗೆ ಗೊತ್ತಿತ್ತು, ನಿಮ್ಮ ಅತಿಥಿಗೂ ಗೊತ್ತಿತ್ತು. ಹೊಡೆದದ್ದು ಅತಿಥಿಯ ರೈಫಲು. ಬರುವ ಗುರುವಾರ ವೀಸಾ ಕ್ಯಾನ್ಸಲ್ ಆಗಿ, ಮತ್ತೆಂದೂ ಇಲ್ಲಿ ಕಾಲಿಡದ ಹಾಗೆ ವಿಮಾನ ಹತ್ತುವುದು ಮಾತ್ರ ಹದಿನಾಲ್ಕು ವರ್ಷ ನಿಮಗೆ ಅನ್ನ ಬಡಿಸಿದ ಮನುಷ್ಯ. ಇಂಥ ಲೆಕ್ಕಾಚಾರ ಯಾವ ಮ್ಯಾನೇಜ್‌ಮೆಂಟ್ ಕೋರ್ಸಿನಲ್ಲಿ ಕಲಿಸುತ್ತಾರೆ ಸರ್?

ನೀವು ಮರೆತಿರಬಹುದು, ದೊಡ್ಡವರಿಗೆ ಕೆಲಸ ಬಹಳ. ನಾನು ನೆನಪಿಸುತ್ತೇನೆ. ಕಳೆದ ಗುರುವಾರ ಸಂಜೆ ನೀವೇ ಮನೆಗೆ ಫೋನ್ ಮಾಡಿದಿರಿ. "ಪ್ರೇಮನಾಥ್, ಹೆಡ್ ಆಫೀಸಿನಿಂದ ಗೆಸ್ಟ್ ಬಂದಿದ್ದಾರೆ, ನಾಳೆ ಡೆಸರ್ಟ್ ಪಿಕ್ನಿಕ್. ಮಿಸೆಸ್ಸನ್ನೂ ಮಗಳನ್ನೂ ಕರ್ಕೊಂಡು ಬನ್ನಿ, ಪಾಪ ಹುಡುಗಿ ಹಾಸ್ಟೆಲಲ್ಲಿ ಏನು ನೋಡ್ತಾಳೆ." ನನ್ನ ಅಮ್ಮ ಉಮಾವತಿ ಆ ಖುಷಿಗೆ ಒಳ್ಳೆಯ ಸೀರೆ ಉಟ್ಟು ಬಂದರು. ನಾವಿಬ್ಬರೂ ಲ್ಯಾಂಡ್‌ಕ್ರೂಸರಿನ ಹಿಂದಿನ ಸೀಟಿನಲ್ಲಿ. ಮುಂದೆ ನೀವು, ಅತಿಥಿ. ಪಪ್ಪ ಮತ್ತು ಇಸುಬು ಕಾಕ ಪಾತ್ರೆ, ಸೌದೆ, ಅಕ್ಕಿ ತುಂಬಿದ ಪಿಕಪ್ಪಿನಲ್ಲಿ ಹಿಂದೆ.

ಅದಮ್ ಊರು ದಾಟಿ, ಟಾರು ರಸ್ತೆ ಬಿಟ್ಟು ಒಂದು ಗಂಟೆ ಹೋದ ಮೇಲೆ ಅತಿಥಿ ರೈಫಲ್ ಹೊರತೆಗೆದರು. ನನ್ನ ತೊಡೆಯ ಮೇಲೆ ಎರಡು ಡಬ್ಬಿ ಇಟ್ಟು ಒಂದು ಲೆಕ್ಚರ್ ಕೊಟ್ಟರು. ನಮ್ಮ ಫಿಸಿಕ್ಸ್ ಮೇಡಂ ಕೂಡ ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಒಂದು ಡಬ್ಬಿಯ ಗುಂಡಿಗೆ ತುದಿಯಲ್ಲಿ ಮೆತ್ತನೆಯ ಸೀಸ ಹೊರಗೆ ಕಾಣುತ್ತದೆ. ಅದು ಮೈಗೆ ಹೊಕ್ಕ ತಕ್ಷಣ ಅಣಬೆಯ ಹಾಗೆ ಅರಳಿ ತನ್ನ ಪೂರ್ತಿ ಬಲವನ್ನು ಒಳಗೇ ಬಿಡುತ್ತದೆ. ಸರಿಯಾದ ಜಾಗಕ್ಕೆ ಬಿದ್ದರೆ ಜಿಂಕೆ ಅಲ್ಲೇ ಮುಗಿಯುತ್ತದೆ. ಇನ್ನೊಂದು ಡಬ್ಬಿಯದು ಮೂತಿಯವರೆಗೂ ತಾಮ್ರ ಹೊದ್ದದ್ದು, ಮಿಲಿಟರಿಯವರದು. ಅದು ಅರಳುವುದಿಲ್ಲ. ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಸೂಜಿಯಂತೆ ಹೊರಟುಹೋಗುತ್ತದೆ. ಪ್ರಾಣಿ ಓಡುತ್ತದೆ, ಎಲ್ಲೋ ದೂರದಲ್ಲಿ ನಿಧಾನವಾಗಿ ಸಾಯುತ್ತದೆ. "ಅದಕ್ಕೇ ಬೇಟೆಗೆ ಸಾಫ್ಟ್ ಪಾಯಿಂಟ್," ಎಂದರು ಅತಿಥಿ.

ಆಗ ನೀವು ಹೇಳಿದ ಮಾತು ನನಗೆ ಬಾಯಿಪಾಠ. "ಆದ್ರೆ ಸರ್, ಅದು ಸ್ಕಿನ್ ಹರಿದು ಹಾಕುತ್ತಲ್ಲ? ನಿಮ್ಮ ಡ್ರಾಯಿಂಗ್ ರೂಮಿಗೆ ಬೇಕು ಅಂದಿದ್ರಿ." ಅತಿಥಿ ನಕ್ಕರು. ನೀವು ಹಿಂದೆ ತಿರುಗಿ, "ವಿನೋದಾ, ಆ ಇನ್ನೊಂದು ಬಾಕ್ಸ್ ಕೊಡಮ್ಮ" ಎಂದಿರಿ.

ಕೊಟ್ಟೆ. ಸುಮ್ಮನೆ ಕೊಡಲಿಲ್ಲ, ಡಬ್ಬಿಯ ಮೇಲಿದ್ದ "ಒನ್ ಫಿಫ್ಟಿ ಗ್ರೇನ್, ಫುಲ್ ಮೆಟಲ್ ಜಾಕೆಟ್" ಎಂಬುದನ್ನು ಕಾನ್ವೆಂಟ್ ಶೈಲಿಯಲ್ಲಿ ಓದಿಯೇ ಕೊಟ್ಟೆ. "ಗುಡ್ ಆಕ್ಸೆಂಟ್," ಎಂದರು ಅತಿಥಿ. ನನಗೆ ಹೆಮ್ಮೆಯಾಯಿತು. ನಿಮ್ಮ ಮೇಲೆ ನನಗಿರುವ ಹೇಸಿಗೆಯಲ್ಲಿ ಒಂದು ಪಾಲು ನನ್ನ ಮೇಲೆಯೂ ಇದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಗುಂಡು ಹಾರಿತು. ಗಝಾಲ್ ಬೆನ್ನು ಗೂನು ಮಾಡಿ ಒಮ್ಮೆ ಹಿಂಗಾಲು ಝಾಡಿಸಿತು, ಆಮೇಲೆ ಓಡಿತು. "ಮಿಸ್ಡ್," ಎಂದರು ಅತಿಥಿ. "ಇಲ್ಲ ಅಂಕಲ್, ಹೊಟ್ಟೆಗೆ ಬಿದ್ದಿದೆ, ಹಿಂದೆ ಹೋಗ್ಬೇಕು" ಎಂದೆ. ನೀವು ಹುಬ್ಬು ಗಂಟಿಕ್ಕಿ, "ಗೆಸ್ಟ್ ಮಿಸ್ ಅಂದ್ರೆ ಮಿಸ್. ಬಿರಿಯಾನಿ ಆರಿ ಹೋಗುತ್ತೆ, ಯಲ್ಲಾ, ಹೊರಡೋಣ" ಎಂದಿರಿ. ಗಾಯಗೊಂಡ ಪ್ರಾಣಿಯನ್ನು ಹುಡುಕುವುದು ಹೊಡೆದವನ ಮೊದಲ ಕರ್ತವ್ಯ ಎಂದು ಅದೇ ಲೆಕ್ಚರಿನಲ್ಲಿ ಕೇಳಿದ್ದೆ. ಆ ಭಾಗ ಪರೀಕ್ಷೆಗೆ ಇರಲಿಲ್ಲವೋ ಏನೋ. ಹೊರಡುವಾಗ ಬಿಸಿ ಇದ್ದ ಗುಂಡಿನ ಖಾಲಿ ಕೋಶವನ್ನು ಹಾಸ್ಟೆಲಿನ ಗೆಳತಿಯರಿಗೆ ತೋರಿಸಲೆಂದು ಹೆಕ್ಕಿ ಪರ್ಸಿಗೆ ಹಾಕಿಕೊಂಡೆ.

ಊಟದ ಹೊತ್ತಿಗೆ ತಟ್ಟೆ ಬದಿಗಿಟ್ಟು ಒಲೆಯ ಹತ್ತಿರ ಹೋದೆ. ಇಸುಬು ಕಾಕನಿಗೆ ಹೇಳಿದೆ. ಅವರು ಸೌಟು ಕೆಳಗಿಟ್ಟರು. "ನೋಡಿದ್ದೀಯಾ ಸರಿ?" ಎಂದು ಎರಡು ಸಲ ಕೇಳಿದರು, ಅಷ್ಟೇ. ನೀರಿನ ಕ್ಯಾನು, ಚಾಕು ಹಿಡಿದು ನಡೆದರು, ಪಪ್ಪನೂ ನಾನೂ ಹಿಂದೆ. ರಕ್ತದ ಚುಕ್ಕೆ ಹತ್ತು ಮಾರಿಗೊಂದು. ತೂತು ಅಷ್ಟು ಸಣ್ಣದು, ರಕ್ತ ಹೊರಗೆ ಬರಲಿಕ್ಕೂ ದಾರಿ ಇರಲಿಲ್ಲ. ಒಂದು ಗಂಟೆ ನಡೆದ ಮೇಲೆ ಮುಳ್ಳುಮರದ ಕೆಳಗೆ ಸಿಕ್ಕಿತು. ಬದುಕಿತ್ತು. ಏಳಲು ಹೊರಟು, ಆಗದೆ, ನಮ್ಮನ್ನು ನೋಡುತ್ತಾ ಮಲಗಿತು. ಎಡಗಡೆ ಪೆನ್ಸಿಲ್ ದಪ್ಪದ ತೂತು, ಬಲಗಡೆಯೂ ಅಷ್ಟೇ ದಪ್ಪದ್ದು.

"ಜೀವ ಉಂಟು ಮಗಳೇ. ಹೀಗೇ ಬಿಟ್ಟು ಹೋದ್ರೆ ಮೇಲಿನವ ನನ್ನನ್ನೇ ಕೇಳ್ತಾನೆ," ಎಂದರು ಕಾಕ. ಅದರ ಬಾಯಿಗೆ ನೀರು ಬಿಟ್ಟರು. ಚಾಕು ಕಾಣದ ಹಾಗೆ ಬೆನ್ನ ಹಿಂದೆ ಹಿಡಿದು, ಅದರ ತಲೆಯನ್ನು ಪಶ್ಚಿಮಕ್ಕೆ ತಿರುಗಿಸಿ, ಬಿಸ್ಮಿಲ್ಲಾ ಎಂದರು. ಆ ದಿನ ಆ ಪ್ರಾಣಿಗೆ ಯಾರಾದರೂ ಮರ್ಯಾದೆ ಕೊಟ್ಟಿದ್ದರೆ ಅದು ಆ ಕ್ಷಣದಲ್ಲಿ ಮಾತ್ರ. ಹೆಗಲ ಮೇಲೆ ಹೊತ್ತು ತಂದು ನಿಮ್ಮ ಮುಂದೆ ಇಳಿಸಿ, "ಸಾರ್, ತಪ್ಪಿರಲಿಲ್ಲ ಇದು" ಎಂದರು. ನೀವು ಮಂಡಿಯೂರಿ ತೂತಿಗೆ ಬೆರಳಿಟ್ಟು ನೋಡಿದಿರಿ. ಪಶ್ಚಾತ್ತಾಪ ಎಂದುಕೊಂಡೆ. "ನೋಡಿ ಸರ್, ಸ್ಕಿನ್ ಒಂದು ಚೂರೂ ಹಾಳಾಗಿಲ್ಲ!"

ವಾಪಸು ಬರುವಾಗ ಚೆಕ್‌ಪೋಸ್ಟ್. ಕಾವಲಿನವರು ಪಿಕಪ್ಪಿನ ಟಾರ್ಪಾಲು ಎತ್ತಿದರು, ಗಝಾಲ್ ಕಂಡಿತು. ಲ್ಯಾಂಡ್‌ಕ್ರೂಸರಿನೊಳಗೆ ಬಗ್ಗಿ ನೋಡಿದ ಕಾವಲುಗಾರ, ಸೀರೆಯುಟ್ಟ ಅಮ್ಮನನ್ನೂ ನನ್ನನ್ನೂ ಕಂಡು, ಕಣ್ಣು ತಗ್ಗಿಸಿ, ಎದೆಗೆ ಕೈಯಿಟ್ಟು ಹಿಂದೆ ಸರಿದ. ಹೆಂಗಸರು ಕೂತ ಗಾಡಿಯನ್ನು ಇಲ್ಲಿ ಹುಡುಕುವುದಿಲ್ಲ. ಅದು ಈ ಜನರ ಸಭ್ಯತೆ. ರೈಫಲು ನಮ್ಮ ಕಾಲಡಿ, ನಮ್ಮದೇ ಪಿಕ್ನಿಕ್ ಚಾಪೆಯಲ್ಲಿ ಸುತ್ತಿಕೊಂಡಿತ್ತು. ಪಾಪದ ಹುಡುಗಿಗೆ ಡೆಸರ್ಟ್ ತೋರಿಸಲು ಫೋನ್ ಬಂದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ಒಬ್ಬರ ಸಭ್ಯತೆಯನ್ನು ಹೀಗೆ ಉಪಯೋಗಿಸಿಕೊಳ್ಳಲು ಎಷ್ಟು ವರ್ಷದ ಅನುಭವ ಬೇಕು ಸರ್?

ಕೊಂದವರು ಯಾರು ಎಂದು ಕಾವಲುಗಾರ ಕೇಳಿದಾಗ "ಕುಕ್," ಎಂದು ನೀವು ಬೆರಳು ತೋರಿಸಿದಿರಿ. ಚಾಕು ಇತ್ತು, ಅಂಗಿಯ ಮೇಲೆ ರಕ್ತ ಇತ್ತು. ನಾನು ಬಾಯಿ ತೆರೆದೆ. ಅಮ್ಮ ನನ್ನ ಕೈ ಹಿಂಡಿದರು. ಬಾಯಿ ಮುಚ್ಚಿದೆ.

ಆಮೇಲೆ ಆ ವರದಿಯ ಅರಬಿ ಕಾಗದ. ನೀವೇ ಬರೆಸಿ, "ಸುಮ್ನೆ ಫಾರ್ಮಾಲಿಟಿ, ಸೈನ್ ಮಾಡು ಇಸುಬು, ಖಲಾಸ್" ಎಂದು ಕೊಟ್ಟಿರಿ. ಕಾಕ ಊರಿನ ಮದರಸದಲ್ಲಿ ಅರಬಿ ಅಕ್ಷರ ಕಲಿತವರು. ಓದಲು ಬರುತ್ತದೆ, ಅರ್ಥ ಗೊತ್ತಿಲ್ಲ. ಆ ಲಿಪಿಯಲ್ಲಿ ಅವರು ಕುರಾನ್ ಬಿಟ್ಟು ಬೇರೇನೂ ಓದಿದವರಲ್ಲ. ಅದರಲ್ಲಿ ಸುಳ್ಳು ಬರೆಯಲು ಆಗುತ್ತದೆ ಎಂದು ಅವರಿಗೆ ತೋಚಲೇ ಇಲ್ಲ. ಒಂದಕ್ಷರ ತಪ್ಪದೆ, ರಾಗವಾಗಿ, ಗಟ್ಟಿಯಾಗಿ ಓದಿ ಸಹಿ ಹಾಕಿದರು. ಕಾವಲುಗಾರ ಇಷ್ಟು ಸ್ಪಷ್ಟವಾಗಿ ತಪ್ಪೊಪ್ಪಿಕೊಂಡವನನ್ನು ಜನ್ಮದಲ್ಲಿ ನೋಡಿರಲಿಕ್ಕಿಲ್ಲ. ನೀವು ಪಕ್ಕದಲ್ಲೇ ನಿಂತು ಕೇಳಿದಿರಿ. ಅರ್ಥ ಗೊತ್ತಿದ್ದದ್ದು ನಿಮಗೆ.

ಪಪ್ಪ ನಿನ್ನೆ ನನಗೆ ಹೇಳಿದರು: "ಬರೀಬೇಡ ಮಗಾ. ನನ್ನ ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ ಉಂಟು. ನಿಂಗೆ ಹೋಗ್ಲಿಕ್ಕೆ ಕಾಲೇಜು ಉಂಟು, ನಂಗೆ ಎಲ್ಲಿ ಉಂಟು?" ಈ ಪತ್ರವನ್ನು ಮೂರು ಸಲ ಹರಿದು ಬರೆದಿದ್ದೇನೆ. ಬರೆದವಳು ನಾನು, ಪಪ್ಪ ಅಲ್ಲ. ಸಿಟ್ಟಿದ್ದರೆ ನನ್ನ ಮೇಲೆ ಇರಲಿ.

ಆದರೆ ಒಂದು ಸಣ್ಣ ಸಂಗತಿ ನಿಮ್ಮ ಗಮನಕ್ಕೆ ಬಂದಂತಿಲ್ಲ. ಚೆಕ್‌ಪೋಸ್ಟಿನವರು ವಶಪಡಿಸಿಕೊಂಡ ಗಝಾಲ್ ಇನ್ನೂ ಅವರ ಕೋಲ್ಡ್ ಸ್ಟೋರೇಜಿನಲ್ಲಿದೆಯಂತೆ. ಅದರ ಹೊಟ್ಟೆಯ ರೋಮ ಸರಿಸಿ ನೋಡಿದವರಿಲ್ಲ, ಕೊರಳು ಕಂಡರೆ ಸಾಕಾಯಿತು. ಉರುಳಿಗೆ ಬಿದ್ದ ಪ್ರಾಣಿಯ ಹೊಟ್ಟೆಯಲ್ಲಿ ಎರಡು ದುಂಡನೆಯ ತೂತು ಎಲ್ಲಿಂದ ಬಂತು? ಅಡುಗೆಮನೆಯ ಯಾವ ಚಾಕು ಅಂಥ ತೂತು ಮಾಡುತ್ತದೆ? ಅತಿಥಿಯ ಮೊದಲ ಡಬ್ಬಿಯ ಗುಂಡು ಹಾಕಿದ್ದರೆ ಪ್ರಾಣಿ ಬಹುಶಃ ಅಲ್ಲೇ ಬೀಳುತ್ತಿತ್ತು, ಕಾಕನ ಚಾಕುವಿಗೆ ಕೆಲಸವೇ ಇರುತ್ತಿರಲಿಲ್ಲ. ನೀವು ಚರ್ಮ ಉಳಿಸಿದಿರಿ. ಎಷ್ಟು ಅಚ್ಚುಕಟ್ಟಾಗಿ ಉಳಿಸಿದ್ದೀರಿ ಎಂದರೆ, ಯಾರು ಬೇಕಾದರೂ ಹೋಗಿ ಓದಬಹುದು. ಅದಕ್ಕೆ ಅರಬಿಯೂ ಬೇಡ, ಕನ್ನಡವೂ ಬೇಡ.

ನಾನು ಕೇಳುವುದು ಇಷ್ಟು: ನಿಮ್ಮ ವರದಿಯನ್ನು ವಾಪಸು ತೆಗೆದುಕೊಳ್ಳಿ. ಯಾರು ಹೊಡೆದರು, ಯಾರು ಯಾಕೆ ಕೊಯ್ದರು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು, ಇಸುಬು ಕಾಕನಿಗೆ ಮಲಯಾಳವೋ ಕನ್ನಡವೋ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿ. ಖಾಲಿ ಕೋಶ ನನ್ನ ಪೆನ್ಸಿಲ್ ಬಾಕ್ಸಿನಲ್ಲಿದೆ. ನೀವು ಬರೆಯದಿದ್ದರೆ ಬುಧವಾರ ಸಂಜೆ ನಾನೇ ಅದನ್ನು ಹಿಡಿದು ಚೆಕ್‌ಪೋಸ್ಟಿಗೆ ಹೋಗುತ್ತೇನೆ. ಅಮ್ಮ ಜೊತೆಗೆ ಬರುತ್ತೇನೆ ಎಂದಿದ್ದಾರೆ, ಅದೇ ಸೀರೆಯಲ್ಲಿ. ಈ ಪತ್ರದ ಒಂದು ಪ್ರತಿ ಸಂಘದ ನೋಟೀಸ್ ಬೋರ್ಡಿನಲ್ಲಿದೆ, ಇನ್ನೊಂದು ನಿಮ್ಮ ಮೇಜಿನ ಮೇಲೆ.

ಕಾಕನ ವಿಮಾನ ಗುರುವಾರ ಬೆಳಿಗ್ಗೆ. ದಯವಿಟ್ಟು ಬೇಗ ಉತ್ತರ ಕೊಡಿ.

ಇಂತಿ,
ಎರಡನೆಯ ಡಬ್ಬಿ ಎತ್ತಿಕೊಟ್ಟವಳು,
ವಿನೋದಾ ಪ್ರೇಮನಾಥ