ಹನ್ನೊಂದು ಕುರಿ ಕಣ್ಣು ಮಿಟುಕಿಸಿದವು

ಮಾನ್ಯ ತಪಾಸಣಾ ಪಶುವೈದ್ಯರೇ,

ಗುರುವಾರ ಆಗಿದ್ದು ಸಾಲ್ದು ಅಂತ ಇವತ್ತು ನನ್ನ ಕೆಲಸದ ಕಾರ್ಡೂ ಕಿತ್ಕೊಂಡ್ರಿ. ಬೆಳಿಗ್ಗೆ ಏಳಕ್ಕೆ ನನ್ನನ್ನ ಚರ್ಮ ತೊಳೆಯೋ ಕಡೆ ಎತ್ತಾಕಿದ್ರು. ಹತ್ತಕ್ಕೆ ಬೂಟು ತೂತಾಗಿ ಉಪ್ಪುನೀರು ಒಳಗೆ ಬಂತು. ಮಧ್ಯಾಹ್ನ ನಿಮಗೆ ಮೂರು ಸಲ ಫೋನ್ ಮಾಡ್ದೆ, ಮೂರು ಸಲಾನೂ ನಿಮ್ಮ ಗುಮಾಸ್ತರು "ಸಾಹೇಬ್ರು ರೌಂಡ್ಸಲ್ಲಿದ್ದಾರೆ" ಅಂದ್ರು. ಯಾವ ರೌಂಡ್ಸು ಸಾರ್? ಈ ಕಸಾಯಿಖಾನೆಗೆ ನಾನು ಬಂದು ಒಂದು ವರ್ಷ ಎಂಟು ತಿಂಗಳಾಯ್ತು. ಕುರಿ ಕೊಲ್ಲೋ ಕೋಣೆ ಬಾಗಿಲು ದಾಟಿ ನೀವು ಒಂದು ದಿನ ಒಳಗೆ ಬಂದಿದ್ದು ನಾ ಕಾಣೆ.

ಉಪ್ಪಿಗೆ ಕೈ ಬಿರಿದಿದೆ, ಪೆನ್ನು ಹಿಡಿಯೋಕಾಗಲ್ಲ. ರೂಮಲ್ಲಿ ಎಲ್ರೂ ಮಲಗಿದ್ದಾರೆ, ಮೆಟ್ಟಿಲ ಮೇಲೆ ಕೂತು ಫೋನಿಗೆ ಹೇಳಿ ಬರೆಸ್ತಿದ್ದೀನಿ. ಪತ್ರಿಕೆಗೂ ಇದನ್ನೇ ಕಳಿಸ್ತೀನಿ. ನಿಮಗೊಬ್ಬರಿಗೇ ಕಳಿಸಿದ್ದೆಲ್ಲ ನಿಮ್ಮ ಡ್ರಾಯರಲ್ಲಿ ಸುಖವಾಗಿ ನಿದ್ದೆ ಮಾಡ್ತಿದೆ.

ಓದೋರಿಗೆ ನನ್ನ ಕೆಲಸ ಏನು ಅಂತ ಹೇಳ್ಬಿಡ್ತೀನಿ. ಕುರಿ ಬರುತ್ತೆ. ಒಬ್ಬ ಅದರ ತಲೆಯ ಎರಡೂ ಕಡೆ ಕರೆಂಟಿನ ಇಕ್ಕಳ ಒತ್ತಿ ಪ್ರಜ್ಞೆ ತಪ್ಪಿಸ್ತಾನೆ. ಆಮೇಲೆ ನಾನು. ಬೆರಳ ತುದೀಲಿ ಅದರ ಕಣ್ಣು ಮುಟ್ತೀನಿ. ಮಿಟುಕಿಸಲಿಲ್ಲ ಅಂದ್ರೆ ಮುಂದಕ್ಕೆ, ಚಾಕು ಹಿಡಿಯೋ ಅಣ್ಣನ ಹತ್ರ. ಮಿಟುಕಿಸ್ತು ಅಂದ್ರೆ ಅದಕ್ಕಿನ್ನೂ ಎಚ್ಚರ ಇದೆ ಅಂತ ಅರ್ಥ. ನಾನು ಕೈ ಎತ್ಬೇಕು, ಲೈನು ನಿಲ್ಬೇಕು, ಇಕ್ಕಳ ಇನ್ನೊಂದ್ಸಲ ಒತ್ಬೇಕು. ಅಷ್ಟೇ ಕೆಲಸ. ಇದಕ್ಕೆ ತರಬೇತಿ, ಪರೀಕ್ಷೆ, ನಿಮ್ಮ ಸಹಿ ಇರೋ ಕಾರ್ಡು ಎಲ್ಲಾ ಇದೆ. ಅಮ್ಮ ಊರಲ್ಲಿ "ನನ್ನ ಮಗ ಕಣ್ಣು ಪರೀಕ್ಷೆ ಮಾಡೋ ಕೆಲಸದಲ್ಲಿದ್ದಾನೆ" ಅಂತ ಹೇಳ್ಕೊಂಡು ತಿರುಗ್ತಾಳೆ. ಪಕ್ಕದ್ಮನೆ ಚಿಕ್ಕಮ್ಮ ಫೋನ್ ಮಾಡಿ, "ಪೊರೆ ಬಂದಿದೆ ಕಣಪ್ಪಾ, ಈಗ್ಲೇ ತೆಗೆಸ್ಲಾ, ತಡೀಲಾ?" ಅಂತ ಕೇಳ್ತಾರೆ. ನಾನೇನು ಹೇಳ್ಲಿ? "ತೆಗೆಸಿ ಚಿಕ್ಕಮ್ಮ" ಅಂದೆ.

ಇನ್ನು ಹೋದ ಗುರುವಾರದ ವಿಷಯ. ಇಕ್ಕಳದ ಮೊನೆ ಸವೆದು ಕರ್ರಗಾಗಿದೆ, ಉಣ್ಣೆ ಜಿಡ್ಡು ಕೂತಿದೆ, ಕರೆಂಟು ಸರಿಯಾಗಿ ತಾಗ್ತಿಲ್ಲ ಅಂತ ನಾನು ಸೋಮವಾರಾನೇ ಹೇಳಿದ್ದೆ. ಗುರುವಾರ ಬೆಳಿಗ್ಗೆ ಒಂದು ಕುರಿ ಕಣ್ಣು ಮಿಟುಕಿಸ್ತು. ಕೈ ಎತ್ತಿದೆ, ಲೈನು ನಿಂತ್ತು. ಇನ್ನೊಂದು. ನಿಂತ್ತು. ಮೂರನೇದಕ್ಕೂ ಚಾಕು ಅಣ್ಣ ನಿಲ್ಲಿಸಿ, "ತಮ್ಮಾ, ನೀ ಎತ್ತು, ನಾ ನಿಲ್ಲಿಸ್ತೀನಿ. ಬೈದ್ರೆ ಮಾತ್ರ ನಿನ್ನ ಕಡೆ ಬೆರಳು ತೋರಿಸ್ತೀನಿ" ಅಂತ ನಕ್ಕ. ನಾಲ್ಕನೇದಕ್ಕೆ ಸೂಪರ್‌ವೈಸರು ಓಡಿ ಬಂದ. "ಲೋ ಕಣ್ ಡಾಕ್ಟ್ರೇ, ಇಳಿಸೋ ಕೈ! ಲಾರಿ ಕಾಯ್ತಾ ಇದೆ, ನಿಂಗೆ ಕುರಿ ಕಣ್ಸನ್ನೆ ಮಾಡ್ತಿದ್ಯಾ?" ಎಲ್ರೂ ನಕ್ರು. ಅದೂ ಸೇರಿ ಒಟ್ಟು ಎಂಟು ಸಲ ಕೈ ಎತ್ತಿದೆ, ಎಂಟು ಸಲಾನೂ ಲೈನು ನಿಲ್ಲಲಿಲ್ಲ. ಚಾಕು ಅಣ್ಣ ನನ್ನ ಮುಖ ನೋಡೋದನ್ನೇ ಬಿಟ್ಟ. ಅವನು ಏನು ಮಾಡಿದ ಅಂತ ಬಿಡಿಸಿ ಹೇಳ್ಬೇಕಾ?

ಪಾಳಿ ಮುಗಿದ್ಮೇಲೆ ಫಾರಂ ತುಂಬಬೇಕಲ್ಲ. ಅದರಲ್ಲಿ ಒಂದು ಕಾಲಂ, "ಎಚ್ಚರವಿದ್ದ ಪ್ರಾಣಿಗಳು." ಪಕ್ಕದಲ್ಲಿ ಮೊದಲೇ ಅಚ್ಚು ಹಾಕಿದ್ದಾರೆ, ಸೊನ್ನೆ. ದಿನಾ ಬೆಳಿಗ್ಗೆ ಕುರಿ ಲಾರಿಯಿಂದ ಇಳಿಯೋಕೆ ಮುಂಚೆನೇ ಅವಕ್ಕೆ ನೋವಾಗಲ್ಲ ಅಂತ ನಿಮಗೆ ಗೊತ್ತಾಗಿಬಿಟ್ಟಿರುತ್ತೆ! ಇಂಥ ಜ್ಞಾನ ಎಲ್ಲಿ ಸಿಗುತ್ತೆ ಸಾರ್? ನಾನು ಸೊನ್ನೆ ಹೊಡೆದುಹಾಕಿ ಹನ್ನೊಂದು ಅಂತ ಬರೆದೆ.

ಇವತ್ತು ಸಂಜೆ ನೀವೇ ಕರೆಸಿದ್ರಿ. ನಿಮ್ಮ ರೂಮಲ್ಲಿ ಫ್ಯಾನು, ಗಾಜಿನ ಮೇಜು, ಕಿಟಕೀಲಿ ಹಸಿರು ತುಳುಕೋ ಹೂಕುಂಡ. ಬೈಯಲಿಲ್ಲ ನೀವು, ಸುಳ್ಳು ಹೇಳಬಾರದು. ತುಂಬಾ ಮೆತ್ತಗೆ, "ನೋಡಪ್ಪ, ನಾನು ಮೊಟ್ಟೆನೂ ಮುಟ್ಟೋನಲ್ಲ. ಆ ಕೋಣೆಗೆ ಕಾಲಿಟ್ರೆ ನನಗೆ ಹೊಟ್ಟೆ ತೊಳಸುತ್ತೆ. ಪ್ರಾಣಿ ನೋವು ನನಗೆ ನೋಡೋಕಾಗಲ್ಲ" ಅಂದ್ರಿ. ಆಮೇಲೆ ಅದೇ ಮೆತ್ತಗಿನ ದನೀಲಿ, "ನನ್ನ ಎಣಿಕೆ ತಪ್ಪಾಗಿತ್ತು ಅಂತ ಒಂದು ಕಾಗದ ಬರ್ಕೊಡು, ಕಾರ್ಡ್ ವಾಪಸ್ ತಗೋ. ನಾಳೆ ಹತ್ತು ಗಂಟೆ ಒಳಗೆ" ಅಂದ್ರಿ. ಕಾರ್ಡ್ ಹೋದ್ರೆ ಕೆಲಸ ಹೋಗುತ್ತೆ, ಕೆಲಸ ಹೋದ್ರೆ ಕಂಪನಿ ಕೊಟ್ಟ ಮಂಚಾನೂ ಹೋಗುತ್ತೆ. ಅದು ನಿಮಗೂ ಗೊತ್ತು.

ನಾನು ತಿನ್ನೋನು ಸಾರ್. ಇವತ್ತು ರಾತ್ರೀನೂ ತಿಂದೆ. ಕೊಂದು ತಿನ್ನೋದು ಸರೀನಾ ತಪ್ಪಾ ಅಂತ ಕೇಳಿದ್ರೆ, ಒಂದೊಂದು ದಿನ ಸರಿ ಅನ್ಸುತ್ತೆ, ಒಂದೊಂದು ದಿನ ಬೆರಳಿಗೆ ಆ ರೆಪ್ಪೆ ತಾಗಿದ್ದು ನೆನಪಾಗಿ ತಟ್ಟೆ ಪಕ್ಕಕ್ಕೆ ತಳ್ತೀನಿ. ಆದರೆ ಕೊಲ್ತೀವಿ ಅಂತ ಊರಿಗೆ ಊರೇ ತೀರ್ಮಾನ ಮಾಡಿ, ಬೋರ್ಡ್ ಹಾಕಿ, ಲೈಸೆನ್ಸ್ ಕೊಟ್ಟ ಮೇಲೆ, ಆ ಹೊತ್ತಲ್ಲಿ ಅದಕ್ಕೆ ಎಚ್ಚರ ಇತ್ತಾ ಅಂತ ಒಬ್ಬನಾದ್ರೂ ನೋಡ್ಬೇಕಲ್ವಾ? ಕುರಿ ಕಟುಕನ್ನೇ ನಂಬುತ್ತೆ ಅಂತಾರೆ. ಇಲ್ಲಿ ನಂಬೋಕೆ ಕಟುಕನೇ ವಾಸಿ ಸಾರ್, ಅವನಾದ್ರೂ ಮೂರು ಸಲ ನಿಂತ. ತಿನ್ನೋರು ನೋಡಲ್ಲ, ತಿಂದಿದ್ದು ಮೈಗೆ ಹತ್ತಲ್ಲ ಅಂತ. ತಿನ್ನದೇ ಇರೋ ನೀವೂ ನೋಡಲ್ಲ, ಮನಸ್ಸಿಗೆ ಹತ್ಕೊಳ್ಳುತ್ತೆ ಅಂತ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತಂತೆ. ನೀವು ಹಾಲೂ ಕುಡಿಯದೆ ಕಣ್ಣು ಮಾತ್ರ ಮುಚ್ಚಿದ್ದೀರ. ನಿಮ್ಮ ಆ ಮೆತ್ತಗಿನ ಮನಸ್ಸಿನ ದೆಸೆಯಿಂದ ಗುರುವಾರ ಎಂಟು ಕುರಿ ಎಚ್ಚರ ಇದ್ದ ಹಾಗೇ ಹೋದವು.

ಸರಿ, ಕಾಗದ ಬರ್ಕೊಡ್ತೀನಿ. ಇದೇ ಆ ಕಾಗದ ಅಂದ್ಕೊಳ್ಳಿ. ನನ್ನ ಎಣಿಕೆ ತಪ್ಪು, ನಿಜ. ಯಾಕಂದ್ರೆ ಹನ್ನೊಂದಾದ್ಮೇಲೆ ನಾನು ಕಣ್ಣು ಮುಟ್ಟೋದನ್ನೇ ಬಿಟ್ಟುಬಿಟ್ಟೆ. ಕೈ ಎತ್ತೋದೂ ದಂಡ, ಯಾಕೆ ಮುಟ್ಟಿ ನೋಡ್ಲಿ ಅಂತ. ಆಮೇಲೆ ಇನ್ನೂ ಇನ್ನೂರಕ್ಕೂ ಹೆಚ್ಚು ಕುರಿ ನನ್ನ ಮುಂದೇನೇ ಹೋದವು. ಅದರಲ್ಲಿ ಎಷ್ಟಕ್ಕೆ ಎಚ್ಚರ ಇತ್ತೋ ಗೊತ್ತಿಲ್ಲ. ನಾನೂ ನಿಮ್ಮ ಹಾಗೇ ನೋಡಲಿಲ್ಲ. ಇದನ್ನ ಅಮ್ಮನಿಗೆ ಹೇಳಿಲ್ಲ, ಚಾಕು ಅಣ್ಣನಿಗೂ ಹೇಳಿಲ್ಲ, ನಿಮಗೆ ಹೇಳ್ತಿದ್ದೀನಿ. ಆ ಕಾಲಂನಲ್ಲಿ "ಗೊತ್ತಿಲ್ಲ" ಅಂತ ಬರೀರಿ, ನಾನು ಸಹಿ ಹಾಕ್ತೀನಿ. ಸೊನ್ನೆ ಅಂದ್ರೆ ಹಾಕಲ್ಲ.

ಇಕ್ಕಳದ ಮೊನೆ ಬದಲಾಯಿಸಿ. ಅಚ್ಚಿನ ಸೊನ್ನೆ ತೆಗೆಸಿ. ಕಾರ್ಡ್ ಕೊಡಿ. ಅದಕ್ಕೂ ಮುಂಚೆ ಒಂದು ದಿನ ಬೆಳಿಗ್ಗೆ ಆರಕ್ಕೆ ಬನ್ನಿ, ನನ್ನ ಪಕ್ಕ ನಿಂತ್ಕೊಂಡು ಒಂದೇ ಒಂದು ಕುರಿ ಕಣ್ಣು ಮುಟ್ಟಿ. ಹೊಟ್ಟೆ ತೊಳಸಿದ್ರೆ ಬಕೆಟ್ ನಾನೇ ಹಿಡೀತೀನಿ.

ಇಂತಿ,
ಕಾರ್ಡಿಲ್ಲದ, ಇನ್ನೂರು ಕಣ್ಣು ಬಾಕಿ ಇರೋ, ನಿಮ್ಮ ಕಣ್ ಡಾಕ್ಟ್ರು

ಯಾವತ್ತು ಬರ್ತೀರ ಅಂತ ಫೋನ್ ಮಾಡಿ ಹೇಳಿ. ನಾಳೆ ಒಂಬತ್ತೂ ನಲವತ್ತಕ್ಕೆ ಟೀ ಬಿಡುವು, ಹತ್ತೇ ನಿಮಿಷ. ಗ್ಲೌಸ್ ಬಿಚ್ಚಿರ್ತೀನಿ, ಆಗ ಮಾಡಿ.